ಮಡ್ಡಿಯ ಮೇಲಿಟ್ಟ ಸುಣ್ಣದ ಕಲ್ಲು

ಮೊದಲು ಕಟ್ಟಿದ ಬಟ್ಟೆಯ ಗುರುತುಗಳನ್ನು ಆಡುಗಳು ತಿಂದವು. ಜಾಲಿ ಕಂಟಿಗಳಿಗೆ ಕೆಂಪು ಬಟ್ಟೆಯ ತುಂಡುಗಳನ್ನು ಬಿಗಿದು ಬಂದಿದ್ದೆ. ಮರುದಿನ ಹೋಗಿ ನೋಡಿದರೆ ಗಂಟು ಮಾತ್ರ ಉಳಿದಿತ್ತು. ಎರಡನೆಯ ಸಲ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಟ್ಟಿದೆ. ಅವನ್ನು ಯಾರೋ ಬಿಚ್ಚಿಕೊಂಡು ಹೋಗಿ ಎತ್ತಿನ ಕೊಂಬಿಗೆ ಸುತ್ತಿದ್ದರು. ಸುಳ್ಳೇಕೆ ಹೇಳಲಿ, ಅಲ್ಲಿ ಚೆಂದ ಕಾಣುತ್ತಿದ್ದವು. ಆಮೇಲೆ ಕಚೇರಿ ಕೊಟ್ಟ ಕೈಪಿಡಿಯಲ್ಲಿ ಬರೆದಿದ್ದಂತೆ ಕಲ್ಲುಗಳಿಗೆ ಸುಣ್ಣ ಬಳಿದು ಇಟ್ಟೆ. ಸುಣ್ಣದ ಕಲ್ಲನ್ನು ಆಡು ತಿನ್ನುವುದಿಲ್ಲ, ಯಾರೂ ಒಯ್ಯುವುದಿಲ್ಲ. ಆ ಚಳಿಗಾಲದ ತಾಪತ್ರಯ ಶುರುವಾದದ್ದು ಅಲ್ಲಿಂದಲೇ.

ಕೆಲಸ ಇಷ್ಟೇ ಇತ್ತು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕುಗಳಲ್ಲಿ ಇನ್ನೂ ಉಳಿದಿರುವ ಹುಲ್ಲುಗಾವಲುಗಳನ್ನು ಹುಡುಕಬೇಕು, ಅವುಗಳ ಮೇಲೆ ಯಾವ ಕಾಡುಪ್ರಾಣಿಗಳು ಬದುಕಿವೆ ಎಂದು ದಾಖಲಿಸಬೇಕು. ಅವುಗಳಲ್ಲಿ ಒಳ್ಳೆಯದೊಂದನ್ನು ಮೀಸಲು ಪ್ರದೇಶ ಮಾಡಿರೆಂದು ನಮ್ಮ ಸಂಸ್ಥೆ ಸರ್ಕಾರಕ್ಕೆ ಪ್ರಸ್ತಾವ ಕಳಿಸುವುದಿತ್ತು. ಒಂದು ಚಳಿಗಾಲದ ಗುತ್ತಿಗೆ. ಅತನೂರಿನ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮವ್ವ ರಸ್ತೆ ಕೆಲಸದಲ್ಲಿ ಖಡಿಕಲ್ಲು ತುಂಬಿದ ಬುಟ್ಟಿ ಹೊತ್ತು ನನ್ನನ್ನು ಎಂ.ಎಸ್ಸಿ. ತನಕ ಓದಿಸಿದಳು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಮನೆ ಬಿಡುವಾಗ ಅವ್ವ ಓಣಿಗೆಲ್ಲ ಕೇಳುವ ಹಾಗೆ, ನಮ್ಮ ಹುಡುಗಿ ಈಗ ಪ್ರಾಣಿಗೋಳ ಸಾಹೇಬಳು ಆಗ್ಯಾಳ ಎನ್ನುತ್ತಿದ್ದಳು.

ತರಬೇತಿಗೆಂದು ನಮ್ಮನ್ನು ದೇಶದ ಕೆಲವು ರಾಷ್ಟ್ರೀಯ ಉದ್ಯಾನಗಳಿಗೆ ಕರೆದೊಯ್ದಿದ್ದರು. ದಕ್ಷಿಣದ ಹುಲಿ ಕಾಡಿನಲ್ಲಿ ಗೇಟು, ಟಿಕೆಟು, ಜೀಪಿನ ಸಾಲು ನೋಡಿದೆ. ಮರಗಳು ಎಷ್ಟು ಎತ್ತರವೆಂದರೆ ಆಕಾಶ ಹುಡುಕಬೇಕು. ಅಲ್ಲಿ ನಾನು ನೆಂಟರ ಮನೆಗೆ ಬಂದವಳಂತೆ ಇದ್ದೆ. ಆದರೆ ಗುಜರಾತಿನ ಒಂದು ಉದ್ಯಾನದಲ್ಲಿ ಜೀಪು ಇಳಿದಾಗ ಕಾಲು ತಾನಾಗಿಯೇ ನಿಂತಿತು. ಅಲ್ಲಿ ಮರವೇ ಇಲ್ಲ. ಬರೀ ಹುಲ್ಲು, ಗಾಳಿ, ದೂರದಲ್ಲಿ ನಾವು ಚಿಗರಿ ಎನ್ನುವ ಕೃಷ್ಣಮೃಗದ ಹಿಂಡು. ಅಧಿಕಾರಿ ಹೆಮ್ಮೆಯಿಂದ ವಿವರಿಸುತ್ತಿದ್ದರೆ ನಾನು ಮನಸ್ಸಿನಲ್ಲೇ, ಇದು ನಮ್ಮ ಮಡ್ಡಿಯಲ್ಲವೇ ಎಂದುಕೊಳ್ಳುತ್ತಿದ್ದೆ. ನಮ್ಮ ಕಡೆ ಕಪ್ಪು ಮಣ್ಣಿನ ಯರಿ ಹೊಲಗಳ ನಡುವೆ ಅಲ್ಲಲ್ಲಿ ಎದ್ದ ಮೊರಂ, ಗರಸು ಮಣ್ಣಿನ ದಿಬ್ಬಕ್ಕೆ ಮಡ್ಡಿ ಎನ್ನುತ್ತಾರೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಮೊಣಕಾಲುದ್ದ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ಬರುತ್ತದೆ. ಸರ್ಕಾರಿ ಕಾಗದದಲ್ಲಿ ಮಾತ್ರ ಅದು ದನ ಮೇಯುವ ಗಾಯರಾಣ, ಇಲ್ಲವೇ ಬೇಸಾಯಕ್ಕೆ ಬಾರದ ಖರಾಬು. ಅದನ್ನು ಉದ್ಯಾನವೆಂದು ಕರೆಯಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ.

ಊರಿಗೆ ಮರಳಿ ಹುಡುಕಾಟ ಶುರು ಮಾಡಿದೆ. ಹಿರೋಳ್ಳಿಯ ಕಡೆ ಹಳೆಯ ನಕಾಶೆಯಲ್ಲಿ ಗಾಯರಾಣ ಎಂದಿದ್ದ ಜಾಗದಲ್ಲಿ ತೊಗರಿ ನಿಂತಿತ್ತು. ಜೇವರ್ಗಿಯ ಕಡೆ ಚಿಗರಿ ಸಿಕ್ಕವು, ಆದರೆ ಹತ್ತಿ ಹೊಲದಲ್ಲಿ. ರೈತರು ಓಡಿಸಿದಂತೆಲ್ಲ ಒಂದು ಹೊಲದಿಂದ ಇನ್ನೊಂದಕ್ಕೆ ಅಲೆಯುತ್ತಿದ್ದವು. ಮಣ್ಣೂರಿನ ಭೀಮಾ ದಂಡೆಯಲ್ಲಿ ನೀರುಹಕ್ಕಿ ಸಾಕಷ್ಟು ಇದ್ದವು, ಹುಲ್ಲಿರಲಿಲ್ಲ. ಕೊನೆಗೆ ಅಫಜಲಪುರ ತಾಲ್ಲೂಕಿನ ಒಂದು ಊರಿನಾಚೆ ನಾನು ಹುಡುಕುತ್ತಿದ್ದ ಮಡ್ಡಿ ಸಿಕ್ಕಿತು. ಆ ಊರಿನ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಓದುತ್ತಾ ತಿಳಿಯುತ್ತದೆ.

ಪ್ರಾಣಿಗಣತಿಗೆ ನೇರ ಸಾಲು ಬೇಕು. ಮಡ್ಡಿಯ ಈ ತುದಿಯಿಂದ ಆ ತುದಿಗೆ ದಿಕ್ಸೂಚಿ ಹಿಡಿದು ಗೆರೆ ಎಳೆದಂತೆ ನಡೆಯಬೇಕು; ಪ್ರಾಣಿ ಕಂಡರೆ ಎಷ್ಟು ದೂರ, ಯಾವ ಕೋನ ಎಂದು ಬರೆದುಕೊಳ್ಳಬೇಕು. ಪ್ರತಿ ಸಲವೂ ಅದೇ ಗೆರೆಯ ಮೇಲೆ ನಡೆದರೆ ಮಾತ್ರ ಲೆಕ್ಕ ನಿಲ್ಲುತ್ತದೆ. ಅದಕ್ಕೇ ಆ ಗುರುತಿನ ಕಲ್ಲು. ಸೂರ್ಯ ಏಳುವ ಮುಂಚೆ ಹೋಗಿ ಬಿಸಿಲೇರುವ ತನಕ ನಡೆಯುತ್ತಿದ್ದೆ. ತೋಳದ ಹಿಕ್ಕೆ ಸಿಕ್ಕರೆ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟುತ್ತಿದ್ದೆ. ಅದರಲ್ಲಿನ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೋಳ ಏನು ತಿಂದಿದೆಯೆಂದು ಗೊತ್ತಾಗುತ್ತದೆ. ಮೊಲದ ಕೂದಲಿತ್ತು, ಹೆಗ್ಗಣದ್ದಿತ್ತು. ಕುರಿಯದೂ ಇತ್ತು.

ಹಿಕ್ಕೆಯ ಜಾಡು ಹಿಡಿದು ಹೋದಾಗ ಮಡ್ಡಿಯ ತೆಂಕಣ ತುದಿಯ ಕೊರಕಲಿನಲ್ಲಿ, ಕವಳಿ ಕಂಟಿಯ ಬುಡದಲ್ಲಿ ಒಂದು ಗವಿ ಕಂಡಿತು. ಓಡಾಟದಿಂದ ಬಾಯಿಯ ಮಣ್ಣು ನುಣುಪಾಗಿತ್ತು. ಹತ್ತಿರ ಹೋಗಲಿಲ್ಲ. ದೂರದ ಜಾಲಿಗೆ, ಎದುರಿಗೆ ಏನಾದರೂ ಸುಳಿದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಿ ಬಂದೆ. ಕೆಲವು ದಿನ ಬಿಟ್ಟು ಚಿತ್ರ ತೆರೆದಾಗ ತಾಯಿ ತೋಳ ಅಡ್ಡ ಮಲಗಿತ್ತು. ಅದರ ಹೊಟ್ಟೆಗೆ ಮಣ್ಣಿನ ಬಣ್ಣದ ಮರಿಗಳು ಹತ್ತಿಕೊಂಡಿದ್ದವು. ನಮ್ಮ ಮೂರು ತಾಲ್ಲೂಕಿನಲ್ಲಿ ತೋಳ ಸುಮ್ಮನೆ ದಾಟಿ ಹೋಗುತ್ತಿಲ್ಲ, ಸಂಸಾರ ಮಾಡಿಕೊಂಡಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಬೆಂಗಳೂರಿನಲ್ಲಿದ್ದ ನಮ್ಮ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಇದೊಂದೇ ಸಾಕು ಎಂದರು, ಗವಿಯ ನಿಖರ ಜಾಗವನ್ನು ವರದಿಯ ಜೊತೆ ಕಳಿಸು ಎಂದರು. ಉಳಿದ ಸಾಲುಗಳನ್ನು ಮುಗಿಸಿ ಕಳಿಸುತ್ತೇನೆ ಸರ್ ಎಂದೆ. ಆ ದಿನ ಊರಿಗೆ ಹೋಗುವ ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತಿದ್ದೆ.

ಅದಾದ ಸ್ವಲ್ಪ ದಿನಕ್ಕೆ ಮಡ್ಡಿ ಹತ್ತುವಾಗ ಟ್ರ್ಯಾಕ್ಟರಿನ ಸದ್ದು ಕೇಳಿತು. ಬಡಗಣ ಅಂಚಿನಲ್ಲಿ ಒಂದು ಪಟ್ಟಿಯಷ್ಟು ಹುಲ್ಲು ಮಗುಚಿ ಬಿದ್ದಿತ್ತು. ಕೆಂಪು ಮೊರಂ ಗಾಯದ ಹಾಗೆ ಕಾಣುತ್ತಿತ್ತು. ನೇಗಿಲು ಸರಿಯಾಗಿ ನನ್ನ ಸುಣ್ಣದ ಕಲ್ಲಿನ ತನಕ ಬಂದು ನಿಂತಿತ್ತು. ಇಂಜಿನ್ ಆರಿಸಿ ಕೆಳಗಿಳಿದವರು ಮಡ್ಡಿಗೆ ಹೊಂದಿಕೊಂಡ ಹೊಲದ ರೈತರೊಬ್ಬರು. ನನ್ನನ್ನು ಕಂಡರೆ ದಿನಾಲೂ ನೀರು ಬೇಕೇನ್ರಿ ಎಂದು ಕೇಳುವ ಮನುಷ್ಯ.

“ಬರ್ರಿ ಮೇಡಮ್ಮಾರ, ಟೈಮಿಗೆ ಬಂದ್ರಿ,” ಎಂದರು. “ಬರಕೋರಿ. ಇಲ್ಲಿಂದ ಆ ಕಲ್ಲಿನ ತನಕ ನಮ್ಮ ಸಾಗುವಳಿ.”

“ಯಾವಾಗಿಂದ್ರಿ?”

“ನಮ್ಮ ಮುತ್ತ್ಯಾನ ಕಾಲದಿಂದ್ರಿ,” ಎಂದರು. ಇಂಜಿನ್ ಇನ್ನೂ ಬಿಸಿ ಇತ್ತು.

ನನಗೆ ಆಗ ಹೊಳೆಯಿತು. ನಮ್ಮ ಕಡೆ ಸುಣ್ಣದ ಕಲ್ಲು ಎಂದರೆ ಭೂಮಾಪನದವರು ಬಂದಿದ್ದಾರೆ ಎಂದರ್ಥ. ಸರ್ಕಾರಿ ಭೂಮಿಯನ್ನು ಹುಕುಂ ಇಲ್ಲದೆ ಉಳುತ್ತಾ ಬಂದವರಿಗೆ ಒಂದಲ್ಲ ಒಂದು ದಿನ ಪಟ್ಟಾ ಸಿಗುತ್ತದೆ ಎಂಬ ಆಸೆ ಎಲ್ಲರಿಗೂ ಇದೆ. ಅದಕ್ಕೆ ಬಗರ್‌ಹುಕುಂ ಎನ್ನುತ್ತಾರೆ. ಅಳತೆಗೆ ಬಂದವರ ಕಣ್ಣಿಗೆ ಉತ್ತ ನೆಲ ಬೀಳಬೇಕು, ಇದು ಇಂಥವರದು ಎಂದು ಬರೆದುಕೊಂಡು ಹೋಗಬೇಕು. ನಾನು ಚಿಗರಿ ಎಣಿಸಲು ಇಟ್ಟ ಕಲ್ಲುಗಳನ್ನು ನೋಡಿ, ನಾನು ಕಾಗದದಲ್ಲಿ ಬರೆದುಕೊಳ್ಳುವುದನ್ನು ನೋಡಿ, ಊರು ತನಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡಿತ್ತು. ನಾನೂ ಇದೇ ನೆಲದಲ್ಲಿ ಹುಟ್ಟಿದವಳು; ಕೈಪಿಡಿಯಲ್ಲಿದ್ದುದನ್ನು ಮಾಡುವಾಗ ಅದು ನೆನಪಿಗೇ ಬರಲಿಲ್ಲ.

ನಾನು ಸರ್ವೆಯವಳಲ್ಲ, ಪ್ರಾಣಿ ಎಣಿಸುವವಳು ಎಂದು ಬಿಡಿಸಿ ಹೇಳಿದೆ. ಗುರುತಿನ ಚೀಟಿ ತೋರಿಸಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕಣ್ಣು ಮಿಟುಕಿಸಿದರು.

“ಹಂಗ ಹೇಳು ಅಂತ ಹೇಳಿ ಕಳಿಸಿರ್ತಾರ, ಗೊತ್ತದ ಬಿಡ್ರಿ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ.”

ಬಾಯಿ ಬಿಡುವ ಅಗತ್ಯವೇ ಇರಲಿಲ್ಲ. ಅವರು ಉತ್ತ ಪಟ್ಟಿ ರಸ್ತೆಗೇ ಕಾಣುತ್ತಿತ್ತು. ಅಂದು ಊರಿನ ಚಹಾದ ಅಂಗಡಿಯಲ್ಲಿ ಕೂತಾಗ ಮಾತೆಲ್ಲ ಅದೇ: ಯಾರಿಗೆ ಎಷ್ಟು, ಯಾರ ಟ್ರ್ಯಾಕ್ಟರು ಮೊದಲು. ಎಳ್ಳು ಅಮಾವಾಸ್ಯೆಯ ಹಬ್ಬ, ಎಳ್ಳಮಾಸಿ ಹತ್ತಿರ ಬಂದಿದ್ದರಿಂದ ಎಲ್ಲರೂ ಹಬ್ಬ ಮುಗಿಯಲಿ ಎಂದು ತಡೆದಿದ್ದರು. ಅಮಾಸಿ ಕಳೆದ ಮರುದಿನ ಮಡ್ಡಿಗೆ ಇಳಿಯುವುದೆಂದು ತೀರ್ಮಾನವಾಗಿತ್ತು. ಗವಿಯಿದ್ದ ತೆಂಕಣ ತುದಿಯನ್ನು ಅಣ್ಣತಮ್ಮಂದಿರಿಬ್ಬರು ಬಾಯಲ್ಲೇ ಹಂಚಿಕೊಂಡಾಗಿತ್ತು. ಮರಿಗಳಿಗೆ ಇನ್ನೂ ಓಡಲು ಬರುತ್ತಿರಲಿಲ್ಲ.

ಊರವರನ್ನು ಸೇರಿಸಿ ನಿಜ ಹೇಳಬೇಕು ಎಂದು ನಿಶ್ಚಯಿಸಿದೆ. ನಿಜ ತಿಳಿಸಿದರೆ ಜನ ಸರಿದಾರಿಗೆ ಬರುತ್ತಾರೆ ಎಂದು ಓದು ನನಗೆ ಕಲಿಸಿತ್ತು. ಸಭೆಯಲ್ಲಿ ನನ್ನ ಪರ ಒಬ್ಬರಾದರೂ ಇರಲಿ ಎಂದು ಆ ಊರಿನಲ್ಲಿ ಕುರಿ ಕಾಯುವ, ನಾನು ಕಾಕಾ ಎನ್ನುತ್ತಿದ್ದ ಮುದುಕನ ಹತ್ತಿರ ಹೋದೆ. ಅವನ ಹಿಂಡು ಆ ಮಡ್ಡಿಯ ಮೇಲೇ ಮೇಯುತ್ತಿತ್ತು. ಮಡ್ಡಿ ಉತ್ತರೆ ಮೊದಲು ಹೊಟ್ಟೆಗೆ ಕಲ್ಲು ಬೀಳುವುದು ಅವನಿಗೇ. ಉಳುಮೆಯ ಸುದ್ದಿ ಕೇಳಿ ಅವನೂ ಸಿಟ್ಟಿನಲ್ಲಿದ್ದ. ನಾನು ಹುರುಪಿನಿಂದ, ಇದು ಮೀಸಲು ಪ್ರದೇಶ ಆದರೆ ಯಾರೂ ಉಳುವಂತಿಲ್ಲ ಕಾಕಾ, ಸರ್ಕಾರವೇ ಕಾಯುತ್ತದೆ ಎಂದೆ. ತೋಳದ ವಿಷಯವನ್ನೂ ಹೇಳಿದೆ. ಅವನಿಗೆ ಅದು ಹೊಸ ಸುದ್ದಿಯೇನಲ್ಲ, ತೋಳಕ್ಕೆ ಕುರಿಮರಿ ಕಳೆದುಕೊಂಡವನು. ಅವನು ಕೋಲಿನ ಮೇಲೆ ಗದ್ದ ಊರಿ ಕೇಳಿಸಿಕೊಂಡ.

“ಅಂದ್ರ ಫಾರೆಸ್ಟದವ್ರು ಬರ್ತಾರ.”

“ಬರ್ತಾರ ಕಾಕಾ.”

“ಅವರು ಬಂದ್ರ ತಂತಿ ಹಾಕ್ತಾರ. ನನ್ನ ಕುರಿ ಎಲ್ಲಿ ಮೇಯಬೇಕು, ನಿಮ್ಮನಿ ಅಂಗಳದಾಗ?”

ಈ ಬಗೆಯ ಮೀಸಲಿನಲ್ಲಿ ಮೇಯಿಸಲು ಬಿಡುತ್ತಾರೆ ಎಂದೆ. ಎಲ್ಲಿ ಬರೆದಿದೆ ಎಂದ. ಕಾಯ್ದೆಯಲ್ಲಿ ಎಂದೆ. ಅವನು ನಕ್ಕ. ಆಮೇಲೆ ತಣ್ಣಗೆ, ಯಾವ ಸಿಟ್ಟೂ ಇಲ್ಲದೆ ಹೇಳಿದ:

“ತೋಳ ಅದ ಅಂತ ತಾನ ಅವರು ಬರಾದು? ತೋಳನ ಇಲ್ಲಂದ್ರ ಯಾಕ ಬರ್ತಾರವ್ವ? ಗವಿ ಬಾಯಿಗಿ ಒಂದು ಹೊರಿ ಕಟಗಿ ಒಟ್ಟಿ ಹೊಗಿ ಹಾಕಿದ್ರ ಮುಗೀತು. ನಮ್ಮಪ್ಪ ಹಾಕ್ತಿದ್ದ.”

ಅಲ್ಲಿಂದ ಎದ್ದು ಬಂದೆ. ಸುಮ್ಮನಿದ್ದರೆ ನೇಗಿಲು, ನಿಜ ಹೇಳಿದರೆ ಹೊಗೆ. ಸಭೆಯ ಯೋಚನೆ ಅಲ್ಲಿಗೇ ಬಿಟ್ಟೆ. ಕಾಕಾನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟಿಗಾದರೂ ಒಂದು ದಾರಿ ಇರುತ್ತದೆ. ನಾಲ್ಕಾರು ಉದ್ಯಾನ ತಿರುಗಿ ಬಂದವಳಿಗೆ ಗೇಟಿನ ಒಳಗಿನದೆಲ್ಲ ಗೊತ್ತಿತ್ತು. ಗೇಟು ಹಾಕುವ ಮುಂಚೆ ಹೊರಗಿನವರು ಏನು ಮಾಡುತ್ತಾರೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮನೆಯಲ್ಲಿ ಅವ್ವ ಹಬ್ಬಕ್ಕೆ ಸಜ್ಜೆ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಕಲ್ಲು ಆರಿಸತೊಡಗಿದೆ. ಮೊರದಲ್ಲಿ ಕೈಯಾಡಿಸುತ್ತಿದ್ದಾಗ ಒಂದು ಮಾತು ಸ್ಪಷ್ಟವಾಯಿತು. ಊರವರು ನನ್ನ ಬಾಯಿಂದ ಬಂದದ್ದನ್ನು ಒಂದಿಷ್ಟೂ ನಂಬಿಲ್ಲ. ಅವರು ನಂಬಿದ್ದು ಕಲ್ಲನ್ನು. ಹಾಗಾದರೆ ಆಡಬೇಕಾದದ್ದು ಮಾತಲ್ಲ, ತೆಗೆಯಬೇಕಾದದ್ದು ಕಲ್ಲು. ಅದನ್ನೂ ಕದ್ದು ತೆಗೆದರೆ ಇನ್ನಷ್ಟು ಸಂಶಯ. ಎಲ್ಲರ ಕಣ್ಣೆದುರಿಗೇ ಆಗಬೇಕು. ಎಳ್ಳಮಾಸಿಯ ದಿನ ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ ಇರುತ್ತಾರೆ.

ಕಲ್ಲು ತೆಗೆದರೆ ಗಣತಿಯ ಸಾಲು ಹೋಗುತ್ತದೆ, ಅರ್ಧ ಚಳಿಗಾಲದ ಕೆಲಸ ಹಾಳಾಗುತ್ತದೆ. ಇದು ನನಗೆ ಗೊತ್ತಿತ್ತು. ಮುಖ್ಯಸ್ಥರನ್ನು ಕೇಳಿದರೆ ತಡೆ ಅನ್ನುತ್ತಾರೆ ಎಂಬುದೂ ಗೊತ್ತಿತ್ತು. ಕೇಳಲಿಲ್ಲ.

ಹಬ್ಬದ ಬೆಳಿಗ್ಗೆ ಅವ್ವನ ಬುಟ್ಟಿ ತೆಗೆದುಕೊಂಡು ಹೋದೆ. ಯರಿ ಹೊಲಗಳಲ್ಲೆಲ್ಲ ಜೋಳದ ಬೆಳೆಯ ನಡುವೆ ಜನವೋ ಜನ. ಬನ್ನಿ ಗಿಡದ ಕೆಳಗೆ ಜೋಳದ ದಂಟಿನ ಕೊಂಪೆ ಹಾಕಿ ಕಲ್ಲುಗಳಿಗೆ ಪೂಜೆ ಮಾಡುತ್ತಿದ್ದರು. ನಾನು ಮಡ್ಡಿಯ ಮೇಲೆ ನನ್ನ ಕಲ್ಲುಗಳನ್ನು ಒಂದೊಂದಾಗಿ ಎತ್ತಿದೆ, ಬುಟ್ಟಿಗೆ ಹಾಕಿದೆ. ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ರಸ್ತೆ ಬದಿಯ ಕಾಲುವೆಗೆ ತಂದು ಸುರುವಿದೆ, ಮತ್ತೆ ಹೋದೆ. ಕೊರಳ ಚೀಟಿ ಪ್ರತಿ ಸಲ ಬಾಗಿದಾಗಲೂ ಕಲ್ಲಿಗೆ ಬಡಿಯುತ್ತಿತ್ತು. ಕೆಳಗಿನ ಹೊಲಗಳಲ್ಲಿ ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿ ನೋಡುತ್ತಿದ್ದರು.

ಕೊನೆಗೆ ಪಟ್ಟಿ ಉತ್ತ ಆ ರೈತರೇ ಕೂಗಿ ಕರೆದರು. ಹಬ್ಬದ ದಿನ ಉಣ್ಣದೆ ಹೋಗುವಂತಿಲ್ಲ ಎಂದು ಅವರ ಮನೆಯ ಹೆಣ್ಣುಮಕ್ಕಳು ಎಲೆಗೆ ಸಜ್ಜೆ ಕಡುಬು, ಭಜ್ಜಿ ಬಡಿಸಿದರು. ಕಲ್ಲು ಯಾಕೆ ತೆಗೆಯುತ್ತಿದ್ದೀರಿ ಎಂದು ಕೇಳಿದ್ದಕ್ಕೆ ನಾನು ತುತ್ತು ನುಂಗಿ ಹೇಳಿದೆ:

“ಸರ್ವೇ ರದ್ದ ಆಗ್ಯದ್ರಿ. ಇಲ್ಲಿ ಇನ್ನ ಯಾರೂ ಬರೂದಿಲ್ಲ.”

ಆ ಮಾತು ಬಾಯಿಂದ ಹೊರಬಿದ್ದ ಗಳಿಗೆಯಲ್ಲಿ ನಿಜವಾಯಿತು. ಅಲ್ಲಿಯ ತನಕ ಆಗಿರಲಿಲ್ಲ. ಅವರು ಉತ್ತ ನೆಲದ ಕಡೆ ನೋಡಿದರು, ಬುಟ್ಟಿಯ ಕಡೆ ನೋಡಿದರು. ಕಲ್ಲಿನ ಮೇಲಿನ ಸುಣ್ಣ ನನ್ನ ಹಣೆಗೆ, ತೋಳಿಗೆ ಮೆತ್ತಿತ್ತು. ಈ ಸಲ ನಂಬಿದರು.

“ಹಂಗಾರ ಡೀಸೆಲ್ ಸುಟ್ಟಿದ್ದೇ ಬಂತು,” ಎಂದು ನಕ್ಕರು. ಆಮೇಲೆ, “ಅಲ್ಲವ್ವ, ಇಷ್ಟೆಲ್ಲ ಸಾಲಿ ಕಲತು ಕಡೀಕ ಕಲ್ಲ ಹೊರೂದೇನು?”

ಕೇಡಿನ ಮಾತಲ್ಲ, ತಮಾಷೆ. ಆದರೂ ಕೈಯಲ್ಲಿದ್ದ ಕಡುಬನ್ನು ಎಲೆಗೆ ಇಟ್ಟೆ. ಅವ್ವ ಖಡಿ ಹೊತ್ತದ್ದೇ ಅವಳ ಮಗಳ ತಲೆಯ ಮೇಲೆ ಬುಟ್ಟಿ ಬರಬಾರದೆಂದು. ಅದೇ ಬುಟ್ಟಿ ನನ್ನ ಪಕ್ಕದಲ್ಲಿತ್ತು. ನೀರು ಕುಡಿದೆ. ಅಷ್ಟರಲ್ಲಿ ಆ ಮನೆಯ ಹಿರಿಯ ಸೊಸೆ ಚರಗ ಚೆಲ್ಲಲು ಎದ್ದಳು. ಅನ್ನ, ಕಡುಬು ಕಲಸಿದ್ದನ್ನು ಹೊಲದ ನಾಲ್ಕೂ ದಿಕ್ಕಿಗೆ ಎರಚುತ್ತಾ ಹೋಗಿ ಮಡ್ಡಿಯ ಅಂಚಿಗೆ ಬಂದಾಗ, ಉತ್ತ ಪಟ್ಟಿಯನ್ನು ದಾಟಿ ಹುಲ್ಲಿನ ಮೇಲೆ ಬೀಳುವಂತೆ ಒಂದು ಹಿಡಿ ಬೀಸಿ ಎಸೆದಳು.

ರಸ್ತೆಗೆ ಬಂದು ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು. ಗಣತಿ ಇಲ್ಲದಿದ್ದರೆ ಹೋಗಲಿ, ಗವಿಯ ಜಾಗ ಕೊಡು, ಇಲ್ಲಿಂದಲೇ ಕಾಗದ ಓಡಿಸೋಣ ಎಂದರು. ಕೊಡಲಾರೆ ಸರ್ ಎಂದೆ. ಕಡತ ಇಲ್ಲಿಗೆ ಬಂದು ಮುಟ್ಟುವ ಮುಂಚೆ ಸುದ್ದಿ ಮುಟ್ಟುತ್ತದೆ, ಸುದ್ದಿ ಮುಟ್ಟಿದ ದಿನ ಹೊಗೆ ಬೀಳುತ್ತದೆ ಎಂದು ವಿವರಿಸಿದೆ. ಅವರು ಕೇಳಿದರು, “ಜಾಗ ಹೇಳದೆ ಜಾಗ ಉಳಿಸೋದು ಹೇಗಮ್ಮ?”

ವರದಿಯಲ್ಲಿ ಸುಳ್ಳು ಬರೆಯಲಿಲ್ಲ; ತೋಳ ಮರಿ ಹಾಕಿದೆ, ಸ್ಥಳ ತಿಳಿಸಲಾಗದು ಎಂದು ಬರೆದೆ. ಸ್ಥಳವಿಲ್ಲದ ಸಾಕ್ಷಿ ಸಾಕ್ಷಿಯಲ್ಲ ಎಂದು ಆ ಮಡ್ಡಿಯನ್ನು ಪಟ್ಟಿಯಿಂದ ಕೈಬಿಟ್ಟರು. ಅದು ನ್ಯಾಯವೇ. ಚಳಿಗಾಲ ಮುಗಿದಾಗ ನನ್ನ ಗುತ್ತಿಗೆಯನ್ನೂ ಮುಂದುವರಿಸಲಿಲ್ಲ.

ಕ್ಯಾಮೆರಾ ಬಿಚ್ಚಲು ಹೋದಾಗ ಗವಿ ಖಾಲಿ ಇತ್ತು. ಬಾಯಿಯಲ್ಲಿ ಜೇಡ ಬಲೆ ಹೆಣೆದಿತ್ತು. ಟ್ರ್ಯಾಕ್ಟರಿನ ಸದ್ದಿಗೆ ಬೆದರಿದ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆ ಹೋಗಿರಬಹುದು. ಹಾಗೆ ಹೋಗುತ್ತವೆ ಎಂದು ಓದಿದ್ದೇನೆ. ಬೇರೆ ಏನಾದರೂ ಆಗಿರಬಹುದು. ಸುತ್ತ ಬೂದಿ ಇದೆಯೇ ಎಂದು ಮೊಣಕಾಲೂರಿ ಹುಡುಕಿದೆ. ಇರಲಿಲ್ಲ. ಆದರೆ ಮರಿಗಳಿಗೆ ಕೇಡಾಗಲು ಬೂದಿಯೇ ಬೇಕೆಂದೇನೂ ಇಲ್ಲ. ಅದೇ ಸಂಶಯ ಎಷ್ಟೋ ದಿನ ನನ್ನನ್ನು ಹಿಂಡಿತು. ನಾನು ಕೆಲಸ ಕಳೆದುಕೊಂಡದ್ದು ಯಾವುದರ ಸಲುವಾಗಿ ಎಂದು ಅವ್ವ ಕೇಳಿದರೆ ತೋರಿಸಲು ಏನೂ ಇರಲಿಲ್ಲ. ಅವ್ವ ಕೇಳಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಹೋಳಿ ಹುಣ್ಣಿಮೆ ಕಳೆದ ಮೇಲೆ, ಬೆಳೆ ತೆಗೆದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸುವ ಕಾಲದಲ್ಲಿ, ಆ ಕಾಕಾನ ಹಿಂಡು ಅತನೂರಿಗೆ ಬಂತು. ನಮ್ಮ ಮನೆ ಯಾವುದೆಂದು ಕೇಳಿಕೊಂಡು ಬಂದು ಅವನು ಬಾಗಿಲ ಮುಂದೆ ನಿಂತ. ಒಳಗೆ ಬಾ ಎಂದರೆ ಬರಲಿಲ್ಲ.

“ನಿನ್ನ ತೋಳ ನಂದೊಂದು ಮರಿ ಒಯ್ತು ನೋಡವ್ವ. ಹಾಡಹಗಲ.”

“ಎಲ್ಲಿ ಕಾಕಾ?”

“ಎಲ್ಲಂದ್ರ? ಅಲ್ಲೇ, ಮಡ್ಡಿ ಮ್ಯಾಗ.”

ನಾನು ಕೇಳಿದೆ, “ತೋಳ ಒಂದೇ ಇತ್ತೇನು?”

“ಮರಿ ಹೋಗಾಕತ್ತಿದ್ರ ನಾ ಎಣಸ್ಕೋತ ಕೂಡ್ಲೇನು? ಹಿಡದದ್ದು ದೊಡ್ಡದು. ಹಿಂದಿಂದ ಸಣ್ಣವು ಓಡಿ ಬಂದು ಜಗ್ಗ್ಯಾಡಾಕತ್ತಿದ್ವು.”

ನಾನು ಮುಖ ಒಳಗೆ ತಿರುಗಿಸಿಕೊಂಡೆ. ಅವನ ಮರಿ ಹೋಗಿದೆ, ಅವನು ಬೈಯುತ್ತಿದ್ದಾನೆ, ಆ ಹೊತ್ತಿನಲ್ಲಿ ನನ್ನ ಮುಖದ ಮೇಲೆ ಏನು ಮೂಡುತ್ತಿದೆಯೋ ಅದು ಅವನಿಗೆ ಕಾಣಬಾರದು. ಅವ್ವ ಚಹಾ ತಂದಳು. ಅವನು ಕಟ್ಟೆಯ ಮೇಲೆ ಕೂತು ತಾಟಿಗೆ ಸುರಿದುಕೊಂಡು, ಬೈಗುಳದ ನಡುವೆ ಊದಿ ಊದಿ ಕುಡಿದ. ಕೇಳಬಾರದೆಂದುಕೊಂಡೇ ಕೇಳಿದೆ:

“ಆವತ್ತು ಹೊಗಿ ಹಾಕ್ತೀನಿ ಅಂದಿದ್ದಿಯಲ್ಲ ಕಾಕಾ.”

ಅವನು ತಾಟಿನಿಂದ ತಲೆಯೆತ್ತಿ, ಇಷ್ಟೂ ತಿಳಿಯದೇ ಎಂಬಂತೆ ನನ್ನನ್ನು ನೋಡಿದ.

“ಫಾರೆಸ್ಟದವ್ರು ಬರಲೇ ಇಲ್ಲಲ್ಲ,” ಎಂದ. “ಮತ್ತ ಯಾರ ಸಲುವಾಗಿ ಹಾಕ್ಲಿ?”

ನಾನು ಒಳಗೆ ಹೋಗಿ ಅವನಿಗೆ ಇನ್ನಷ್ಟು ಚಹಾ ತಂದೆ.